ಹಾವಿಗೂ ಹಲ್ಲಿಗೂ ಡ್ಯೂಟಿ ಹಾಕಿದ ಡಾಕ್ಟರು

ನಮ್ಮ ದೊಡ್ಡ ಡಾಕ್ಟರು ತೀರಿಕೊಂಡ ಸುದ್ದಿ ಬಂದಾಗ ನಾನು ಯಳಂದೂರಿನ ಹತ್ತಿರದ ಒಂದು ಹಳ್ಳಿಯಲ್ಲಿ, ಈಯಲಾರದೆ ಒದ್ದಾಡುತ್ತಿದ್ದ ಎಮ್ಮೆಯೊಳಗೆ ಮೊಳಕೈವರೆಗೆ ಕೈ ಇಟ್ಟು ನಿಂತಿದ್ದೆ. ಫೋನನ್ನು ಎಮ್ಮೆಯ ಯಜಮಾನನೇ ನನ್ನ ಕಿವಿಗೆ ಹಿಡಿದ. ಅಡ್ಡ ತಿರುಗಿದ್ದ ಕರುವನ್ನು ಹಾಗೇ ಬಿಟ್ಟು ಓಡುವಂತಿರಲಿಲ್ಲ. ಕರು ಹೊರಗೆ ಬಂದು, ಉಸಿರೆಳೆದು, ತಾಯಿ ಅದನ್ನು ನೆಕ್ಕಲು ಶುರುಮಾಡಿದ ಮೇಲೆ ಕೈ ತೊಳೆದು ಕೊಳ್ಳೇಗಾಲದ ಬಸ್ಸು ಹತ್ತಿದೆ. ತಡವಾಗಿ ಬಂದೆನೆಂದು ಡಾಕ್ಟರು ಬೈಯುತ್ತಿರಲಿಲ್ಲ. ಎಮ್ಮೆಯನ್ನು ಬಿಟ್ಟು ಬಂದಿದ್ದರೆ ಮಾತ್ರ ಎದ್ದು ಕೂತು ಬೈಯುತ್ತಿದ್ದರು.

ಮನೆಯಲ್ಲಿ ಅವರ ಹೆಂಡತಿ ಗೋಡೆಗೊರಗಿ ಕೂತಿದ್ದರು. ಪಶು ಆಸ್ಪತ್ರೆಯವರೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು. ಅಮ್ಮ ಅಳುತ್ತಿರಲಿಲ್ಲ. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಮಲಗಕ್ ಮುಂಚೆ ಒಬ್ಬಟ್ಟು ಕೇಳುದ್ರು ಕಣವ್ವ. ಎದುರ್ಮನೆ ಗೃಹಪ್ರವೇಶದ್ದು ಬಂದಿತ್ತು. ಶುಗರ್ ಅದೆ, ಈಗ ಬ್ಯಾಡ ಅಂದೆ. ಬೆಳಿಗ್ಗೆ ಮಾತ್ರೆ ನುಂಗುದ್ ಮ್ಯಾಲೆ ಅರ್ಧ ಕೊಡ್ತೀನಿ ಅಂದೆ. ಬೆಳಗಾಗದ್ರೊಳಗೆ ಓಗ್ಬುಟ್ರು. ಆಸೆ ಇಟ್ಕಂಡೇ ಓದ್ರಲ್ಲವ್ವ."

ನಮ್ಮ ಕಡೆ ಮೂರನೇ ದಿನಕ್ಕೆ ಹಾಲುತುಪ್ಪ. ಸತ್ತವರಿಗೆ ಇಷ್ಟವಾದ ಅಡಿಗೆಯನ್ನೆಲ್ಲ ಮಾಡಿ, ಮಣ್ಣು ಮಾಡಿದ ಜಾಗದಲ್ಲಿ ಎಡೆ ಇಟ್ಟು, ದೂರ ನಿಂತು ಕಾಗೆಗೆ ಕಾಯುತ್ತೇವೆ. ಕಾಗೆ ಬಂದು ಮುಟ್ಟಿದರೆ ಸತ್ತವರು ತೃಪ್ತಿಯಿಂದ ಹೋದರೆಂದು ಲೆಕ್ಕ. ಮುಟ್ಟದಿದ್ದರೆ ಏನೋ ಒಂದು ಆಸೆ ಉಳಿದಿದೆ. ಕಾಗೆ ಎಡೆ ಮುಟ್ಟುವ ತನಕ ತಾನು ಅನ್ನ ಮುಟ್ಟುವುದಿಲ್ಲ ಎಂದು ಅಮ್ಮ ಆಗಲೇ ಹೇಳಿಬಿಟ್ಟಿದ್ದರು. ನೀರು, ಬಲವಂತಕ್ಕೆ ಎರಡು ಗುಟುಕು ಕಾಫಿ, ಅಷ್ಟೇ. ಕೊಡದೆ ಉಳಿದ ಆ ಅರ್ಧ ಒಬ್ಬಟ್ಟು ಅವರನ್ನು ಉಣ್ಣಲು ಬಿಡುತ್ತಿರಲಿಲ್ಲ.

ಆ ಹಾಲುತುಪ್ಪದ ದಿನ ಏನಾಯಿತು ಅನ್ನುವುದನ್ನು ಹೇಳುವ ಮುಂಚೆ ನಮ್ಮ ಡಾಕ್ಟರು ಎಂಥ ಆಸಾಮಿ ಅನ್ನುವುದು ನಿಮಗೆ ಗೊತ್ತಿರಬೇಕು.

ನಾನು ಹನೂರಿನ ಪಶು ಆಸ್ಪತ್ರೆಗೆ ಕೆಲಸಕ್ಕೆ ಸೇರಿದ ದಿನ ಅವರು ಕೇಳಿದ ಮೊದಲ ಪ್ರಶ್ನೆ, "ಹಸು ಕೆಲ್ಸ ಏನವ್ವ?"

ಐದು ವರ್ಷ ಓದಿ ಬಂದವಳು. "ಹಾಲು ಕೊಡೋದು ಸಾರ್" ಎಂದೆ.

"ಕೊಡ್ತೀನಿ ಅಂತ ಅದು ಯಾವತ್ತು ಏಳ್ತು ನಿಂಗೆ? ಹುಲ್ಲು ತಿನ್ನದು, ಸಗಣಿ ಆಕದು, ಭೂಮಿಗೆ ಅದ ವಾಪಸ್ ಕೊಡದು, ಅದ್ರ ಕೆಲ್ಸ. ಹಾಲು ಕರುವಿಂದು. ನಾವು ಮಧ್ಯಕ್ಕೆ ಚೊಂಬ್ ತಕಂಡು ಬಂದವ್ರು."

ಹಸು ಹಿಡಿದುಕೊಂಡು ನಿಂತಿದ್ದ ರೈತ ತಲೆಯಾಡಿಸಿದ. ಅವನಿಗೆ ಇದು ಹಳೆಯ ಪಾಠವೆಂದು ಕಾಣುತ್ತದೆ. ಅಂದಿನಿಂದ ನಾನು ಚಿಕ್ಕ ಡಾಕ್ಟ್ರಮ್ಮ, ಅವರು ದೊಡ್ಡ ಡಾಕ್ಟ್ರು. ಸತ್ತೇಗಾಲದ ಹುಟ್ಟು, ಕೊಳ್ಳೇಗಾಲದಲ್ಲಿ ಮನೆ. ಎಷ್ಟು ದೊಡ್ಡ ಅಧಿಕಾರಿ ಬಂದರೂ ಸತ್ತೇಗಾಲದ ಮಾತನ್ನು ಅವರು ಇಸ್ತ್ರಿ ಮಾಡಿದವರಲ್ಲ.

ಸರ್ಕಾರಿ ನೌಕರಿಯಲ್ಲೇ ತಲೆ ನರೆತಿದ್ದರಿಂದಲೋ ಏನೋ, ಅವರ ಕಣ್ಣಿಗೆ ಕಾಡು, ಹೊಲ, ಕೆರೆ ಎಲ್ಲವೂ ಒಂದು ದೊಡ್ಡ ಸೆಕ್ರೆಟರಿಯೇಟ್. ಒಂದೊಂದು ಪ್ರಾಣಿಗೂ ಒಂದೊಂದು ಇಲಾಖೆ. ಕಪ್ಪೆ ಕೃಷಿ ಇಲಾಖೆ, ಗದ್ದೆಯ ಹುಳು ಅದರ ವ್ಯಾಪ್ತಿಗೆ ಬರುತ್ತದೆ. ಸಗಣಿ ಉರುಳಿಸಿಕೊಂಡು ಹೋಗುವ ಹುಳು ಗೊಬ್ಬರ ಸಾಗಣೆ. ಬಾವಲಿ ಅರಣ್ಯ ಇಲಾಖೆ, ಹಣ್ಣು ತಿಂದು ಬೀಜ ಹಾಕಿಕೊಂಡು ಹೋಗುವ ಕೆಲಸ. ಎರೆಹುಳು ಉಳುಮೆ. ಜೇನುಹುಳ ಮದುವೆ ದಲ್ಲಾಳಿ. ಇಲ್ಲೊಂದು ಹೂವು ಅಲ್ಲೊಂದು ಹೂವು ನೋಡಿ ಸಂಬಂಧ ಕುದುರಿಸಿ, ಕಮಿಷನ್ನಿಗೆ ಒಂದಿಷ್ಟು ಸಿಹಿ ತೆಗೆದುಕೊಂಡು ಹೋಗುತ್ತದೆ. "ಇವ್ರುಗೆ ಟ್ರಾನ್ಸ್‌ಫರ್ ಇಲ್ಲ, ಪ್ರಮೋಷನ್ ಇಲ್ಲ, ಸಂಘ ಇಲ್ಲ. ಒಬ್ರಾದ್ರೂ ರಜ ಕೇಳವ್ರಾ ನೋಡವ್ವ" ಎನ್ನುವರು, ನಾನು ರಜಾ ಚೀಟಿ ಹಿಡಿದು ನಿಂತಿದ್ದ ಹೊತ್ತಿನಲ್ಲೇ.

ದಿನವೂ ಕೊಳ್ಳೇಗಾಲದಿಂದ ಹನೂರಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಆ ಬಸ್ಸೇ ಅವರ ಸಭಾಂಗಣ. ಒಂದು ದಿನ ಮುಂದಿನ ಸೀಟಿನಲ್ಲಿ ಕೂತಿದ್ದ ಅವರದೇ ಊರಿನವನೊಬ್ಬ ಗೋಳು ಹೇಳಿಕೊಂಡ. ಕಬ್ಬಿನ ಗದ್ದೆಯಲ್ಲಿ ಇಲಿ ಕಾಟ, ಬುಡ ಬುಡವೇ ಕತ್ತರಿಸಿ ಹಾಕುತ್ತಿವೆ, ಯಾವ ಪಾಷಾಣಕ್ಕೂ ಬಗ್ಗುತ್ತಿಲ್ಲ, ಏನು ಮಾಡುವುದು ಸಾ.

"ಓದ್ ಬ್ಯಾಸ್ಗೇಲಿ ಕೇರೆ ಹಾವು ಒಡ್ದು ಫೋಟೋ ಇಡುಸ್ಕಂಡಿದ್ದವ್ನು ನೀನೇ ಅಲ್ವಾ?"

"ಊ ಸಾ. ಆರಡಿ ಇತ್ತು."

"ಡ್ಯೂಟಿ ಮ್ಯಾಲಿದ್ದವ್ನ ಸಾಯ್ಸ್‌ಬುಟ್ಟು ಈಗ ಕಳ್ರು ಬಂದ್ರು ಅಂತ ಕಂಪ್ಲೇಂಟ್ ಕೊಡ್ತೀಯಲ್ಲ ಮಾರಾಯ. ಕೇರೆ ಕಚ್ಚಿದ್ರೆ ಇಷ ಇಲ್ಲ. ಬಾಯ್ಬುಟ್ಟು ಸಂಬಳ ಕೇಳಲ್ಲ. ನಿನ್ ಗದ್ದೆಲಿ ಅದ್ಕಿಂತ ನಿಯತ್ತಾಗಿ ಕೆಲ್ಸ ಮಾಡವ್ನು ನೀನೂ ಅಲ್ಲ."

ಬಸ್ಸೆಲ್ಲ ನಕ್ಕಿತು. ಆತ ಮುಖ ಊದಿಸಿಕೊಂಡು ಮುಂದಿನ ಸ್ಟಾಪಿನಲ್ಲಿ ಇಳಿದುಹೋದ. ಡಾಕ್ಟರಿಗೆ ಆಮೇಲೆ ಕಸಿವಿಸಿಯಾಗಿ, "ಜಾಸ್ತಿ ಆಯ್ತಾ ಅವ್ವ?" ಎಂದು ನನ್ನನ್ನು ಕೇಳಿದರು. ಜಾಸ್ತಿ ಆಯಿತು ಎಂದೆ. ಆ ಭಾನುವಾರ ಅವನ ಗದ್ದೆಗೆ ಹೋಗಿ, ಬದುವಿನ ಬಿಲಗಳನ್ನೆಲ್ಲ ನೋಡಿ, ಗೂಬೆ ಕೂರಲೆಂದು ಗದ್ದೆ ನಡುವೆ ಒಂದು ಕವೆಗೋಲು ನಿಲ್ಲಿಸಿ ಬಂದರಂತೆ. ಅದಕ್ಕೆ ಅವರಿಟ್ಟ ಹೆಸರು ನೈಟ್ ಬೀಟ್.

ಇಷ್ಟೆಲ್ಲ ವಕಾಲತ್ತು ವಹಿಸುತ್ತಿದ್ದ ಮನುಷ್ಯನನ್ನು ಪ್ರಾಣಿಗಳು ಪ್ರೀತಿಸುತ್ತಿದ್ದವು ಅಂದುಕೊಂಡರೆ ನಿಮ್ಮ ಲೆಕ್ಕ ತಪ್ಪು. ಅವರ ಸ್ಕೂಟರ್ ಸದ್ದು ಕೇಳಿದರೆ ಕೊಳ್ಳೇಗಾಲದ ಅವರ ಬೀದಿಯ ನಾಯಿಗಳೆಲ್ಲ ಒಟ್ಟಾಗಿ ಬೊಗಳುತ್ತಿದ್ದವು. ಅರ್ಧಕ್ಕರ್ಧ ನಾಯಿಗಳಿಗೆ ಅವರೇ ಸೂಜಿ ಚುಚ್ಚಿದ್ದರು. "ವಾಸ್ನೆ ಜ್ಞಾಪಕ ಇಟ್ಕಳದು ಅವ್ರ ಡಿಪಾರ್ಟ್‌ಮೆಂಟು. ಸರ್ಯಾಗೇ ಮಾಡ್ತಾವ್ರೆ" ಎಂದು ಸಂತೋಷಪಡುತ್ತ ಸ್ಕೂಟರಿನ ವೇಗ ಹೆಚ್ಚಿಸುವರು. ಮನೆಯಲ್ಲಿ ಅಮ್ಮ ಸಾಕಿದ್ದ ಬೆಕ್ಕು ಅವರು ಗೇಟು ತೆಗೆದ ಕೂಡಲೇ ಅಟ್ಟ ಹತ್ತುತ್ತಿತ್ತು.

"ಬೆಕ್ಕು ನಿಮ್ಮ ಕಂಡು ಅಟ್ಟ ಅತ್ತಿ ಕುಂತ್ರೆ ಇಲಿ ಇಡಿಯೋರ್ಯಾರು? ನೀವೇ ಇಡೀರಿ" ಎಂದು ಅಮ್ಮ ತರಕಾರಿ ಹೆಚ್ಚುತ್ತಲೇ ಹೇಳುವರು.

ಅದಕ್ಕಿಂತ ದೊಡ್ಡ ತಮಾಷೆ ಹಲ್ಲಿಯದು. ಗೂಳಿಯ ಮೂಗಿಗೆ ಕೈ ಹಾಕುವ ಈ ಡಾಕ್ಟರಿಗೆ ಹಲ್ಲಿ ಎಂದರೆ ಪ್ರಾಣಭಯ. ಆಸ್ಪತ್ರೆಯ ಅವರ ಕೋಣೆಯಲ್ಲಿ ಟ್ಯೂಬ್‌ಲೈಟಿನ ಹಿಂದೆ ಒಂದು ಕೊಬ್ಬಿದ ಹಲ್ಲಿ ಸೇರಿಕೊಂಡಿತ್ತು. ನಮ್ಮ ಅಟೆಂಡರ್ ಪೊರಕೆ ತಂದ. ಬಾಗಿಲ ಹೊರಗೆ ನಿಂತೇ ಡಾಕ್ಟರು ಅವನನ್ನು ತಡೆದರು.

"ಅದ ಮುಟ್ಬ್ಯಾಡ ಕಣ್ಲಾ. ಸೊಳ್ಳೆ, ನೊಣ, ಜಿರ್ಲೆ ಎಲ್ಲ ಅದೇ ನೋಡ್ಕತಾ ಅದೆ. ಎದ್ರುಕೆ ನಂದು. ನನ್ ಎದ್ರುಕೆಗೆ ಅದ ಯಾಕ್ ಸಸ್ಪೆಂಡ್ ಮಾಡನ?"

ಮೇಜು ಕುರ್ಚಿಯನ್ನು ಹೊರಗೆ ಬೇವಿನ ಮರದಡಿಗೆ ಹಾಕಿಸಿಕೊಂಡರು. ಆಮೇಲೆ ನಿವೃತ್ತಿಯಾಗುವ ತನಕ ಅವರ ಆಫೀಸು ಆ ಬೇವಿನ ಮರವೇ. ಮಳೆ ಬಂದರೆ ನನ್ನ ಕೋಣೆಗೆ ಬಂದು, ಮೊದಲು ಗೋಡೆಗಳನ್ನೆಲ್ಲ ಒಂದು ಸುತ್ತು ನೋಡಿ ಕೂರುವರು. ಅವರ ಕೋಣೆಯಲ್ಲಿ ಹಲ್ಲಿ ಸುಖವಾಗಿತ್ತು.

ಒಂದು ಸಲ ಮಾತ್ರ ಅವರ ಬಾಯಿಗೆ ಬೀಗ ಬಿದ್ದದ್ದು ನೋಡಿದ್ದೇನೆ. ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿಗೆ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋಗಿದ್ದೆವು. ಕೆಲಸ ಮುಗಿದ ಮೇಲೆ ಉಪ್ಪು ಬೆಣ್ಣೆ ಹಾಕಿದ ಚಹಾ ಕೊಟ್ಟು, ಅಲ್ಲಿನ ಒಬ್ಬ ಹಿರಿಯರು ಇವರ ಪುರಾಣವನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು. ಕೊನೆಗೆ ತಮ್ಮ ನಿಧಾನದ ಕನ್ನಡದಲ್ಲಿ ಕೇಳಿದರು, "ಎಲ್ಲರಿಗೂ ಕೆಲಸ ಇದೆ ಹೇಳ್ತೀರಿ. ಸೊಳ್ಳೆಗೆ ಏನು ಕೆಲಸ?"

ಡಾಕ್ಟರು ಬಾಯಿ ತೆರೆದರು, ಮುಚ್ಚಿದರು, ಚಹಾ ಕುಡಿದರು. ಹನೂರಿನ ತನಕ ಒಂದು ಮಾತಿಲ್ಲ. "ಯಾಕ್ ಸಾ, ಉಸಾರಿಲ್ವಾ?" ಎಂದು ಜೀಪಿನ ಡ್ರೈವರ್ ಎರಡು ಸಲ ಕೇಳಿದ. ಆ ವಾರವೆಲ್ಲ ಮಂಕಾಗಿದ್ದರು. ನನ್ನ ಕಾಲೇಜಿನ ಹಳೆಯ ಪುಸ್ತಕಗಳನ್ನೂ ತರಿಸಿ ಓದಿದರು. ಮುಂದಿನ ವಾರ ರಜಾ ಹಾಕಿ, ಹೌದು, ಅವರೇ ರಜಾ ಹಾಕಿ, ಒಡೆಯರಪಾಳ್ಯಕ್ಕೆ ಹೋದರು. ನಾನೂ ಜೊತೆಗೆ ಹೋದೆ, ಇದನ್ನು ತಪ್ಪಿಸಿಕೊಳ್ಳುವುದುಂಟೇ. ಹಿರಿಯರ ಮುಂದೆ ಕೂತು ವರದಿ ಒಪ್ಪಿಸಿದರು: ಸೊಳ್ಳೆಯ ಮರಿ ಮೀನಿಗೆ ಊಟ, ಸೊಳ್ಳೆ ಕಪ್ಪೆಗೂ ಬಾವಲಿಗೂ ಊಟ, ಗಂಡು ಸೊಳ್ಳೆ ರಕ್ತ ಮುಟ್ಟುವುದಿಲ್ಲ, ಹೂವಿನ ಸಿಹಿ ಕುಡಿದುಕೊಂಡು ಬದುಕುತ್ತದೆ. ಹಿರಿಯರು ಎಲ್ಲವನ್ನೂ ಕೇಳಿ, ತಲೆದೂಗಿ, ತಮ್ಮ ಮೊಣಕೈ ಮೇಲೆ ಕೂತ ಸೊಳ್ಳೆಯನ್ನು ಪಟ್ಟನೆ ಹೊಡೆದು, "ಇವಳಿಗೆ ರಿಟೈರ್ಮೆಂಟ್" ಎಂದರು. ಅಷ್ಟು ನಕ್ಕದ್ದು ಡಾಕ್ಟರ ಜೀವಮಾನದಲ್ಲಿ ಬೇರೆ ಯಾವಾಗಲೂ ಇರಲಿಕ್ಕಿಲ್ಲ. ಕಣ್ಣಲ್ಲಿ ನೀರು ಬಂದು ಕನ್ನಡಕ ತೆಗೆದು ಒರೆಸಿಕೊಂಡರು.

ಮನುಷ್ಯರನ್ನೂ ಅವರು ಬಿಡುತ್ತಿರಲಿಲ್ಲ. ನಾನು ಮುಂಗುಸಿ: ಅಳತೆ ಚಿಕ್ಕದು, ಜಗಳಕ್ಕೆ ಯಾವಾಗಲೂ ತಯಾರು. ನಮ್ಮ ಅಟೆಂಡರ್ ಆಮೆ. ಅವನು ಬೇಜಾರು ಮಾಡಿಕೊಂಡದ್ದಕ್ಕೆ, "ಲೇ, ಆಮೆ ಏನ್ ಸಾಮಾನ್ಯ ಅಂತ ತಿಳ್ಕಂಡಿದ್ದೀಯಾ? ಕೆರೇಲಿ ಕೊಳ್ತದ್ದೆಲ್ಲ ತಿಂದು ನೀರ ಚೊಕ್ಕ ಮಾಡ್ತದೆ. ನೀನು ಟೀ ತರಕೋದ್ರೆ ಟೀ ಆರೋಯ್ತದೆ. ಅಷ್ಟೇ ವ್ಯತ್ಯಾಸ" ಎಂದು ಸಮಾಧಾನ ಹೇಳಿದರು. ಅದು ಸಮಾಧಾನವೋ ಅಲ್ಲವೋ ಎಂದು ಅವನು ಇವತ್ತಿಗೂ ಯೋಚಿಸುತ್ತಿದ್ದಾನೆ.

ಒಂದು ಪ್ರಾಣಿಯ ವಿಷಯಕ್ಕೆ ಮಾತ್ರ ತಮಾಷೆ ಇರಲಿಲ್ಲ. ಒಮ್ಮೆ ಕೌದಳ್ಳಿಯಿಂದ ಹಿಂದಿರುಗುವಾಗ ರಸ್ತೆ ಪಕ್ಕ ಒಂದು ಸತ್ತ ದನ, ಅದರ ಸುತ್ತ ಕಚ್ಚಾಡುತ್ತಿದ್ದ ನಾಯಿಗಳು. ಡಾಕ್ಟರು ಜೀಪು ನಿಲ್ಲಿಸಿದರು. ತಾವು ಚಿಕ್ಕವರಿದ್ದಾಗ ಸತ್ತೇಗಾಲದ ಹೊಳೆ ದಡಕ್ಕೆ ಸತ್ತ ದನ ಎಳೆದು ಹಾಕಿದರೆ ಎಲ್ಲಿಂದಲೋ ರಣಹದ್ದುಗಳು ಇಳಿದು ಬರುತ್ತಿದ್ದವೆಂದೂ, ಸಂಜೆಯೊಳಗೆ ಮೂಳೆ ಬಿಟ್ಟು ಏನೂ ಉಳಿಯುತ್ತಿರಲಿಲ್ಲವೆಂದೂ ಹೇಳಿದರು. ದನಗಳ ನೋವಿಗೆಂದು ನಾವು ಕೊಡುತ್ತಿದ್ದ ಒಂದು ಇಂಜೆಕ್ಷನ್, ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳನ್ನು ಕೊಂದಿತು.

"ಯಾರ್ಗೂ ಗೊತ್ತಿರ್ನಿಲ್ಲ. ನಂಗೂ ಗೊತ್ತಿರ್ನಿಲ್ಲ. ಆ ಸೂಜಿ ಈ ಕೈಯಲ್ಲೇ ಚುಚ್ಚಿದ್ದೀನಿ ಕಣವ್ವ. ಆ ಪೋಸ್ಟು ಇವತ್ಗೂ ಖಾಲಿ. ನಾಯ್ಗಳು ಇನ್‌ಚಾರ್ಜು. ಅವ್ಕೆ ಆ ಕೆಲ್ಸ ಬರಲ್ಲ" ಎಂದರು. ಜೀಪು ಹೊರಟ ಮೇಲೂ ತಮ್ಮ ಕೈಯನ್ನೇ ನೋಡಿಕೊಂಡಿದ್ದರು. ನನಗೆ ಅವತ್ತು ಅವರ ಮೇಲೆ ಬಂದ ಪ್ರೀತಿ ಮತ್ತೆ ಕಡಿಮೆಯಾಗಲೇ ಇಲ್ಲ.

ನಿವೃತ್ತಿಯಾದ ಮೇಲೆ, ಯಳಂದೂರಿಗೆ ವರ್ಗವಾಗಿದ್ದ ನನ್ನನ್ನು ನೋಡುವ ನೆಪದಲ್ಲಿ ಆಗಾಗ ಬರುತ್ತಿದ್ದರು. ಒಂದು ದಿನ ಬೆಟ್ಟದ ತಪ್ಪಲಿನ ತೋಟಕ್ಕೆ ಹಸು ನೋಡಲು ಕರೆದುಕೊಂಡು ಹೋದೆ. ಹಿಂದಿನ ದಿನ ಆನೆಗಳು ಇಳಿದು ಬಾಳೆಯನ್ನೆಲ್ಲ ಸಿಗಿದುಹಾಕಿದ್ದವು. ಆನೆಯೆಂದರೆ ಡಾಕ್ಟರ ಪಟ್ಟಿಯಲ್ಲಿ ಲೋಕೋಪಯೋಗಿ ಇಲಾಖೆ. ಕಾಡಿನಲ್ಲಿ ದಾರಿ ಬಿಡಿಸುವುದು, ಒಣ ಹಳ್ಳ ತೋಡಿ ಬೇರೆಯವಕ್ಕೂ ನೀರು ಕಾಣಿಸುವುದು, ಎಲ್ಲ ಅದರದೇ. ಈಗ ಶುರುವಾಗುತ್ತದೆ ಎಂದು ನಾನು ಹೆದರಿದೆ. ಅವರು ತುಟಿ ಬಿಚ್ಚಲಿಲ್ಲ. ಪಂಚೆ ಎತ್ತಿ ಕಟ್ಟಿ, ರೈತನ ಜೊತೆ ಸೇರಿ ಬಿದ್ದ ಬಾಳೆದಿಂಡನ್ನು ಎಳೆದು ಹಾಕಿದರು. ವಾಪಸು ಬರುವಾಗ ಕೆಣಕಿದೆ, "ಯಾಕೆ ಸಾರ್, ಆನೆ ಪರವಾಗಿ ಒಂದು ಮಾತೂ ಇಲ್ಲ?"

"ಬಾಳೆ ಕಳ್ಕಂಡವ್ನ ಮುಂದೆ ಆನೆ ಗುಣಗಾನ ಮಾಡಕಾಯ್ತದಾ? ಬಾಯ್ ಮುಚ್ಕಂಡಿರದೂ ಒಂದ್ ಕೆಲ್ಸ ಕಣವ್ವ. ನಂಗೆ ಅದು ತಡವಾಗಿ ಬಂತು."

ಇಂಥ ಮನುಷ್ಯನ ಹಾಲುತುಪ್ಪ. ಸತ್ತೇಗಾಲದಲ್ಲಿ ಅವರ ಅಪ್ಪನ ಕಾಲದ ಗದ್ದೆ, ಪಕ್ಕದಲ್ಲಿ ತೆಂಗಿನ ಸಾಲು, ಬದುವಿನ ಅಂಚಿಗೆ ಹೊಸ ಮಣ್ಣಿನ ದಿಬ್ಬ. ಬಾಳೆ ಎಲೆಯ ಮೇಲೆ ಮುದ್ದೆ, ಕೋಳಿ ಸಾರು, ಬೇಯಿಸಿದ ಮೊಟ್ಟೆ, ಎಲ್ಲಕ್ಕೂ ಮುಂದೆ ಅಮ್ಮ ಕೈಯಾರೆ ತಟ್ಟಿದ ಒಬ್ಬಟ್ಟು. ಅವರಿಗೆ ಪ್ರೀತಿಯ ಸಾಮಾನುಗಳನ್ನೂ ಪಕ್ಕದಲ್ಲಿಟ್ಟರು: ಕನ್ನಡಕ, ಟವಲು. ಡಾಕ್ಟರ ತಮ್ಮನ ಮಗ ದೊಡ್ಡಪ್ಪನ ಕೊಡೆಯನ್ನೂ ತಂದಿದ್ದ. ಕಪ್ಪು ಬಟ್ಟೆ ಕಡ್ಡಿಯಿಂದ ಬಿಟ್ಟುಕೊಂಡ, ಪೂರ್ತಿ ಮುಚ್ಚಲೂ ಬಾರದ ಹಳೆಯ ಕೊಡೆ. ಅದನ್ನು ಎಡೆಯ ಪಕ್ಕದಲ್ಲೇ ನೆಲಕ್ಕೆ ಒರಗಿಸಿಟ್ಟು ಕೈ ಮುಗಿದ. ಎಲ್ಲರೂ ತೆಂಗಿನ ನೆರಳಿಗೆ ಸರಿದೆವು.

ಕಾಗೆಗಳು ಬಂದವು. ತಂತಿ ಮೇಲೆ, ತೆಂಗಿನ ಗರಿ ಮೇಲೆ, ಒಂದರ ಹಿಂದೆ ಒಂದು ಬಂದು ಸೇರಿದವು. ಕೂಗಿದ್ದೇ ಕೂಗಿದ್ದು. ಒಂದಾದರೂ ಕೆಳಗಿಳಿಯಲಿಲ್ಲ.

ನೆರಳು ಸರಿಯುತ್ತ ಹೋಯಿತು. ನೆಂಟರು ಒಬ್ಬೊಬ್ಬರಾಗಿ ಮಾತು ಕೊಡಲು ಶುರುಮಾಡಿದರು. "ಅತ್ಗೆನ ನಾವು ನೋಡ್ಕತೀವಿ ಕಣಣ್ಣಯ್ಯ, ಬಾ" ಎಂದು ತಮ್ಮ. "ಬೋರ್‌ವೆಲ್ ತಗಾದೆ ಮುಗ್ಸತೀನಿ ದೊಡ್ಡಪ್ಪ" ಎಂದು ತಮ್ಮನ ಮಗ. "ಸಾ, ಆ ಹಲ್ಲೀನ ನಾನು ಮುಟ್ಟಲ್ಲ" ಎಂದು ನಮ್ಮ ಅಟೆಂಡರ್, ಗಂಭೀರವಾಗಿ. ನಾನೂ ಒಳಗೊಳಗೇ ಒಂದು ಮಾತು ಕೊಟ್ಟೆ, ಅದು ಇಲ್ಲಿ ಬೇಡ. ಕಾಗೆಗಳು ಯಾವುದಕ್ಕೂ ಒಪ್ಪಲಿಲ್ಲ.

"ಏನೋ ಆಸೆ ಉಳ್ಕಂಡದೆ" ಎಂದರು ಡಾಕ್ಟರ ಅಕ್ಕ. ಯಾರ ಮುಖವನ್ನೂ ನೋಡದೆ ಹೇಳಿದರೂ ಮಾತು ನೆಟ್ಟಗೆ ಅಮ್ಮನಿಗೆ ಹೋಗಿ ನಾಟಿತು. ಅಮ್ಮ ಎದ್ದು ಹೋಗಿ ಎಲೆಗೆ ಇನ್ನೊಂದು ಒಬ್ಬಟ್ಟು ಬಡಿಸಿ, ತುಪ್ಪ ಹಾಕಿ ಬಂದರು. ಕಾಗೆಗಳು ಇನ್ನೂ ಜೋರಾಗಿ ಕೂಗಿದವು. ಅಮ್ಮ ಬಂದು ನನ್ನ ಪಕ್ಕ ಕುಸಿದು ಕೂತರು. "ಅರ್ಧ ಕೊಟ್ಟಿದ್ರೆ ಏನಾಗ್ತಿತ್ತವ್ವ" ಎಂದರು. ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ. ಬಿಸಿಲೇರಿತ್ತು. ಪುರೋಹಿತರ ಹತ್ತಿರ ಕೇಳಿಸೋಣವೇ ಎಂದು ಗಂಡಸರು ಗುಸುಗುಸು ಶುರುಮಾಡಿದರು.

ಎಷ್ಟೋ ಹೊತ್ತು ಅಮ್ಮ ತಂತಿಯ ಕಡೆಗೇ ನೋಡುತ್ತಿದ್ದರು. ಆಮೇಲೆ ತಲೆ ಓರೆ ಮಾಡಿ ಕೂಗನ್ನು ಕೇಳಿಸಿಕೊಂಡರು.

"ಇದು ಉಣ್ಣಕ್ ಕರಿಯೋ ಕೂಗಲ್ಲ ಕಣವ್ವ" ಎಂದರು. "ತಮ್ಮೋರು ಯಾರೋ ಸತ್ ಬಿದ್ದವ್ರೆ ಅಂತ ಕೂಗದು."

ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು.

"ಅತ್ರ ಓಗ್ಬ್ಯಾಡ, ಕಾಗೆ ಎದ್ರುಕತವೆ" ಎಂದು ಡಾಕ್ಟರ ಅಕ್ಕ ತಡೆದರು.

"ಆಗ್ಲೇ ಎದ್ರವೆ ಬುಡಕ್ಕ" ಎಂದು ಅಮ್ಮ ನಡೆದೇಬಿಟ್ಟರು. ದಿಬ್ಬದ ಹತ್ತಿರ ಹೋಗಿ, ಗಾಳಿಗೆ ಪಟಪಟ ಅನ್ನುತ್ತಿದ್ದ ಆ ಹರಕು ಕರಿ ಕೊಡೆಯನ್ನು ಎತ್ತಿ, ಬಟ್ಟೆ ಒತ್ತಿ ಮಡಿಸಿ, ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಂದಿರುಗಿದರು. ನಮಗೆಲ್ಲ ಆಗ ಹೊಳೆಯಿತು. ಮೇಲಿನಿಂದ ನೋಡುವ ಕಾಗೆಗೆ ಅದು ರೆಕ್ಕೆ ಕೆದರಿ ಸತ್ತುಬಿದ್ದ ಕಾಗೆಯೇ.

ಅಮ್ಮ ನೆರಳು ತಲುಪುವ ಮುಂಚೆಯೇ ಕೂಗು ನಿಂತಿತು. ಮೊದಲು ಒಂದು ಇಳಿಯಿತು. ಪಕ್ಕಕ್ಕೆ ಕುಪ್ಪಳಿಸುತ್ತ ಬಂದು, ಒಬ್ಬಟ್ಟನ್ನು ದಾಟಿ, ಮೊಟ್ಟೆಗೆ ಕೊಕ್ಕು ಹಾಕಿತು. ಅದರ ಹಿಂದೆಯೇ ಉಳಿದವೂ ಇಳಿದವು.

"ನೋಡ್ದಾ, ಮೊಟ್ಟೆ ಮ್ಯಾಲಿತ್ತು ಆಸೆ" ಎಂದರು ಡಾಕ್ಟರ ಅಕ್ಕ, ಕಣ್ಣೊರೆಸಿಕೊಳ್ಳುತ್ತ.

"ಅದು ಕಾಗೆ ಆಸೆ ಕಣಕ್ಕ. ಇವ್ರುದು ನಂಗೊತ್ತು" ಎಂದರು ಅಮ್ಮ.

ಎಲ್ಲರೂ ಬದುವಿನ ಮೇಲೆ ಊರ ಕಡೆ ಹೊರಟರು. ಅಮ್ಮ ಹಿಂದುಳಿದರು, ನಾನೂ ನಿಂತೆ. ಈಗ ಅವರು ಅಳುತ್ತಿದ್ದರು, ಸದ್ದಿಲ್ಲದೆ, ಅವಸರವಿಲ್ಲದೆ.

"ನನ್ ಮ್ಯಾಲೆ ಮುನಿಸ್ಕಂಡು ಓದ್ರು ಅನ್ಕಂಡಿದ್ದೆ" ಎಂದರು. "ಕಾಗೆ ಎದ್ರಿತ್ತು. ಅಷ್ಟೇಯ."

"ಕೂಗಿನ ವ್ಯತ್ಯಾಸ ನಿಮಗೆ ಹೇಗೆ ಗೊತ್ತಾಯಿತಮ್ಮ? ಇಷ್ಟು ಓದಿದ ನನಗೇ ತಿಳಿಯಲಿಲ್ಲ."

"ಇವ್ರೇ ಯಾವತ್ತೋ ಏಳ್ತಿದ್ರು. ನಾನು ಸಾರ್ಗೆ ಉಪ್ಪಾಕ್ತಿದ್ದೆ. ಊ ಊ ಅಂದಿದ್ದೆ."

ಮೂಗು ಒರೆಸಿಕೊಂಡು ಕಂಕುಳಿನ ಕೊಡೆ ತೆಗೆದು ಬಿಚ್ಚಿದರು. ಒಂದು ಕಡ್ಡಿ ಹೊರಗೆ ಚಾಚಿಕೊಂಡಿತು. ಹರುಕಿನ ಕಡೆಯನ್ನು ತಮ್ಮತ್ತ ತಿರುಗಿಸಿಕೊಂಡು, ನೆರಳು ಇದ್ದ ಕಡೆಗೆ ನನ್ನನ್ನು ಎಳೆದುಕೊಂಡರು.

"ನಡಿಯವ್ವ" ಎಂದರು. "ಒಟ್ಟೆ ಅಸೀತದೆ."